ಕೊನೆಗೆ ಐಸ್ ಬಿಡುವವನು

ಗಾಜಿನ ಗೋಡೆಯ ಮೇಲಿಂದ ಹಾರಿ ಬಂದ ಐಸ್ ಹಾಕಿಯ ಕಪ್ಪು ರಬ್ಬರಿನ ಬಿಲ್ಲೆ ನೀರಜಾಳ ಪಕ್ಕದ ಕುರ್ಚಿಗೆ ಬಡಿಯಿತು. ಕೈಯಲ್ಲಿದ್ದ ಕಾಫಿ ಅರ್ಧ ಕೋಟಿನ ಮೇಲೆ, ಅರ್ಧ ನೆಲದ ಮೇಲೆ.

"ಅಯ್ಯೋ, ಯಾವನಪ್ಪಾ ಇವನು... ಕೊಂದೇ ಹಾಕ್ತಿದ್ದ!"

ಐಸ್ ಮೇಲೆ ನಿಂತಿದ್ದ ಗೋಲ್‌ಕೀಪರ್ ಸರ್ರನೆ ಜಾರಿ ಬಂದು ಗಾಜಿನ ಹತ್ತಿರ ನಿಂತ. ಮುಖದ ಕಬ್ಬಿಣದ ಜಾಲರಿ ಮೇಲೆತ್ತಿದ. ಗಡ್ಡದ ತುದಿಯಿಂದ ಬೆವರು ಇಳಿಯುತ್ತಿತ್ತು.

"ಏನರ ಆತೇನ್ರಿ? ಅಲ್ಲಿ ಕುಂದರಬ್ಯಾಡ್ರಿ. ಗೋಲ್ ಹಿಂದ ಬಲೆ ಕಟ್ಟ್ಯಾರ, ಅಲ್ಲಿ ಕುಂದರ್ರಿ."

ನೀರಜಾ ಬಾಯಿ ಬಿಟ್ಟುಕೊಂಡು ನೋಡಿದಳು. ನಾರ್ತ್ ಕೆರೊಲೈನಾದ ಮಾರಿಸ್‌ವಿಲ್‌ನಲ್ಲಿ, ಮಂಜುಗಡ್ಡೆಯ ಮೇಲೆ, ಅಮೆರಿಕನ್ ಉಚ್ಚಾರಣೆಯ ಹುಬ್ಬಳ್ಳಿ ಕನ್ನಡ. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ನಗು ತಾನಾಗಿಯೇ ಬಂತು.

"ನೀವು... ಕನ್ನಡದವರಾ?"

"ಅಪ್ಪ ಅಮ್ಮ ಹುಬ್ಬಳ್ಳಿ. ನಾ ಮೇರಿಲ್ಯಾಂಡ್, ಕ್ಲಾರ್ಕ್ಸ್‌ಬರ್ಗ್. ಕಲ್ಮೇಶ್. ಇಲ್ಲೆ ಎಲ್ಲಾರೂ ಕ್ಯಾಲ್ ಅಂತಾರ. ಕಾಫಿ ನಾ ಕೊಡಸ್ತೇನಿ, ಸಾರಿ ರಿ."

ಅದು 2024ರ ಜನವರಿ. ಮೂವತ್ತಮೂರರ ನೀರಜಾ ಡರ್ಹಮ್‌ನ ಒಂದು ಕಂಪನಿಯಲ್ಲಿ ಔಷಧ ಪರೀಕ್ಷೆಗಳ ಅಂಕಿ-ಅಂಶ ನೋಡುವ ಕೆಲಸದಲ್ಲಿದ್ದಳು. ವಿಚ್ಛೇದನದ ನಂತರ ಅಕ್ಕ ಉಷಾಳ ಟೌನ್‌ಹೌಸಿನ ಮೇಲಿನ ಕೋಣೆಯಲ್ಲಿದ್ದಳು. ಅಕ್ಕನ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಬುದ್ಧಿಮಾತಿಗಂತೂ ಇರಲೇ ಇಲ್ಲ. ಆಫೀಸಿಗೆ ಹೋಗುವ ಮುನ್ನ ಒಂದು ಗಂಟೆ ಯಾರೂ ಏನೂ ಕೇಳದ ಜಾಗ ಬೇಕಿತ್ತು. ತಂಡ ಅಭ್ಯಾಸ ಮಾಡುವ ಈ ಐಸ್ ರಿಂಕ್‌ನ ಖಾಲಿ ಕುರ್ಚಿಗಳು ಅವಳಿಗೆ ಸಿಕ್ಕಿದ್ದು ಹಾಗೆ.

ಅವಳ ಮಾಜಿ ಗಂಡ ಚಿರಾಗ್ ಕೆಟ್ಟವನೇನಲ್ಲ. ಅವನ ಕೆಲಸ ಹೋಗಿತ್ತು, ಅಷ್ಟೇ. ಅದನ್ನು ಎಂಟು ತಿಂಗಳು ಅವಳಿಗೆ ಹೇಳಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ, ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ಹೊರಟು ಲೈಬ್ರರಿಯಲ್ಲಿ ಕೂರುತ್ತಿದ್ದ. ಸಂಜೆ ಅವಳು "ಆಫೀಸ್ ಹೇಗಿತ್ತು?" ಎಂದರೆ "ಬಿಝಿ" ಎನ್ನುತ್ತಿದ್ದ. ಅವಳಿಗೆ ವಿಷಯ ತಿಳಿದದ್ದು ಪಕ್ಕದ ಮನೆಯವರಿಂದ.

ಕೆಲಸ ಹೋದದ್ದನ್ನು ಅವಳು ಕ್ಷಮಿಸಿದ್ದಳು. ಆ ಸಂಜೆಗಳನ್ನು ಕ್ಷಮಿಸಲು ಆಗಲಿಲ್ಲ.

ಇದನ್ನೆಲ್ಲ ಅವಳು ಕಲ್ಮೇಶನಿಗೆ ಹೇಳಿದ್ದು ಮೂರನೇ ವಾರದಲ್ಲಿ. ಅಭ್ಯಾಸ ಮುಗಿಸಿ, ಸೊಂಟಕ್ಕೆ ಐಸ್ ಚೀಲ ಕಟ್ಟಿಕೊಂಡು ಅವಳ ಪಕ್ಕ ಕುಳಿತ ಅವನು ಏನೂ ಸಲಹೆ ಕೊಡಲಿಲ್ಲ.

"ಭಾಳ ದಣದೀರಿ ನೀವು," ಎಂದ ಅಷ್ಟೇ.

ಹೌದು. ಯಾರಾದರೂ ಅಷ್ಟು ಹೇಳಿದ್ದರೆ ಸಾಕಿತ್ತು ಅವಳಿಗೆ.

ಅವನಿಗೂ ದಣಿವೇ. ಮೂವತ್ತೆರಡು ವಯಸ್ಸು, ಹನ್ನೊಂದು ವರ್ಷದ ವೃತ್ತಿ, ಏಳು ತಂಡ. ಎಲ್ಲವೂ ದೊಡ್ಡ ಲೀಗಿನ ಕೆಳಗಿನವು. ಮೊಣಕಾಲು ನೆಲಕ್ಕೂರಿ, ಎದ್ದು, ಮತ್ತೆ ಊರಿ ಸೊಂಟದ ಕೀಲು ಸವೆದಿತ್ತು. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡು ಒಂದು ಕ್ಷಣ ನಿಲ್ಲುತ್ತಿದ್ದ. ಅವಳು ನೋಡಿಲ್ಲವೆಂದು ಅವನ ನಂಬಿಕೆ.

ನೀರಜಾಳಿಗೆ ಹಾಕಿಯ ಗಂಧಗಾಳಿ ಇರಲಿಲ್ಲ. ಕಣ್ಣಿಗೆ ಕಂಡದ್ದು ಒಂದೇ. ದಿನವೂ ತಂಡದ ಇನ್ನೊಬ್ಬ ಗೋಲ್‌ಕೀಪರ್ ಎಲ್ಲರಿಗಿಂತ ಮೊದಲೇ ಒಳಗೆ ಹೋಗುತ್ತಿದ್ದ. ಕಲ್ಮೇಶ್ ಮಾತ್ರ ಕೊನೆಯವರೆಗೂ ನಿಂತು, ಮೂರು ನಾಲ್ಕು ಆಟಗಾರರು ಹೊಡೆದದ್ದನ್ನೆಲ್ಲ ತಡೆಯುತ್ತಿದ್ದ.

"ಎಲ್ಲರೂ ಹೋದ್ಮೇಲೂ ನೀವೊಬ್ರೇ ದುಡೀತೀರ," ಎಂದಳು ಒಂದು ದಿನ. "ಮೇನ್ ಗೋಲ್‌ಕೀಪರ್ ಅಂದ್ರೆ ಸುಮ್ನೆನಾ? ಆ ಇನ್ನೊಬ್ಬ ನೋಡಿ, ಸೋಮಾರಿ. ಮೊದಲೇ ಓಡ್ತಾನೆ."

ಕಲ್ಮೇಶ್ ಕಾಫಿ ಕಪ್ಪಿನೊಳಗೆ ನೋಡಿದ. ಬಾಯಿ ತೆರೆದ. ಆಮೇಲೆ ಸುಮ್ಮನೆ ನಕ್ಕ.

ಪಾಪ, ಆ ನಗುವಿನಲ್ಲಿಯೇ ಅವನು ಕೆಟ್ಟ.

ತಂಡದ ಮೇನ್ ಗೋಲ್‌ಕೀಪರ್ ಕನ್ನಡದವನೆಂದು ನೀರಜಾ ಮನೆಯಲ್ಲಿ ಹೇಳಿದಳು. ಅಕ್ಕ ಭಾವನಿಗೆ ಹೇಳಿದಳು. ಭಾವ ಸುರೇಶ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ. ಎರಡೇ ದಿನದಲ್ಲಿ ನಲವತ್ತು ಜನ ಶನಿವಾರದ ಪಂದ್ಯಕ್ಕೆ ತಯಾರು.

"ಶನಿವಾರ ಎಲ್ಲರೂ ನಿಮ್ಮನ್ನ ನೋಡೋಕೆ ಬರ್ತಿದೀವಿ," ಎಂದಾಗ ಕಲ್ಮೇಶನ ಮುಖ ಬಿಳುಚಿತು.

"ಈ ಶನಿವಾರ ಬ್ಯಾಡ್ರಿ... ಇನ್ನೊಮ್ಮೆ ಬರ್ರಿ."

"ನಾಚಿಕೆನಾ?"

ಅವನು ತನ್ನ ಬ್ಯಾಗ್ ಎತ್ತಿಕೊಂಡು ಒಳಗೆ ಹೋದ.

ಶನಿವಾರ ಸಂಜೆ ಡರ್ಹಮ್‌ನ ಕ್ರೀಡಾಂಗಣದಲ್ಲಿ ಸಂಘದವರು ಕೆಂಪು-ಹಳದಿ ಶಾಲು ಬೀಸುತ್ತಾ ಕುಳಿತರು. ತಂಡ ಐಸಿಗೆ ಇಳಿಯಿತು. ಗೋಲಿನ ಮುಂದೆ ಹೋಗಿ ನಿಂತವನು ಆ ಸೋಮಾರಿ.

ಕಲ್ಮೇಶ್ ಟೋಪಿ ಹಾಕಿಕೊಂಡು ಬೆಂಚಿನ ತುದಿಯಲ್ಲಿದ್ದ. ಆಟಗಾರರು ಒಳಗೆ ಬಂದಾಗ ಬೆಂಚಿನ ಸಣ್ಣ ಬಾಗಿಲು ತೆರೆಯುತ್ತಿದ್ದ, ಹೊರಗೆ ಹೋದಾಗ ಮುಚ್ಚುತ್ತಿದ್ದ. ಮೊದಲ ಅವಧಿ ಮುಗಿಯಿತು. ಎರಡನೆಯದೂ ಮುಗಿಯಿತು. ಅವನು ಬಾಗಿಲು ತೆರೆಯುತ್ತಲೇ ಇದ್ದ.

"ಏನೇ ನೀರೂ, ನಿನ್ನ ಹೀರೋ ವಾಚ್‌ಮನ್ ಕೆಲಸ ಮಾಡ್ತಿದಾನಲ್ಲೇ?" ಭಾವನ ಮಾತಿಗೆ ಹಿಂದಿನ ಸಾಲಿನವರೂ ನಕ್ಕರು.

ಪಕ್ಕದಲ್ಲಿ ತಂಡದ ಜೆರ್ಸಿ ತೊಟ್ಟ ಬಿಳಿಗೂದಲಿನ ಅಮೆರಿಕನ್ ಮಹಿಳೆಯೊಬ್ಬರಿದ್ದರು. ಕಲ್ಮೇಶ್ ಯಾಕೆ ಆಡುತ್ತಿಲ್ಲವೆಂದು ನೀರಜಾ ಅವರನ್ನು ಮೆಲ್ಲಗೆ ಕೇಳಿದಳು.

"ಕ್ಯಾಲ್? ಒಳ್ಳೆ ಹುಡುಗ. ಆದರೆ ಅವನು ಎರಡನೆಯವನು," ಎಂದರು ಆಕೆ ಇಂಗ್ಲಿಷಿನಲ್ಲಿ. "ಬೆಳಗಿನ ಅಭ್ಯಾಸದಲ್ಲಿ ಯಾವ ಗೋಲ್‌ಕೀಪರ್ ಮೊದಲು ಐಸ್ ಬಿಡ್ತಾನೋ, ಅವನೇ ಆಡೋದು. ಕೊನೆಗೆ ಉಳಿಯೋನು ಬದಲಿ ಆಟಗಾರ. ಇದು ಎಲ್ಲರಿಗೂ ಗೊತ್ತಲ್ಲ?"

ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

'ಮತ್ತೆ ನನಗೇ ಕೊನೆಗೆ ತಿಳಿಯಿತು. ಮತ್ತೆ ಹೊರಗಿನವರಿಂದಲೇ...'

ಮೂರನೆಯ, ಕೊನೆಯ ಅವಧಿಗೆ ಅವಳು ನಿಲ್ಲಲಿಲ್ಲ. ಪಾರ್ಕಿಂಗ್‌ನಲ್ಲಿ ನಿಂತು ಮೆಸೇಜ್ ಕಳಿಸಿದಳು.

"ಆಡದೇ ಇರೋದು ತಪ್ಪಲ್ಲ. ನನ್ನ ಕಥೆ ಎಲ್ಲಾ ಗೊತ್ತಿದ್ದೂ ಸುಮ್ಮನಿದ್ರಲ್ಲ... ನನಗೆ ಶಕ್ತಿ ಇಲ್ಲ ಕಲ್ಮೇಶ್. ಸಾಕು."

ಅವನು ಹತ್ತು ಸಲ ಫೋನ್ ಮಾಡಿದ. ಅವಳು ತೆಗೆಯಲಿಲ್ಲ. ಆಮೇಲೆ ಒಂದೇ ಮೆಸೇಜ್ ಬಂತು. "ಹನ್ನೊಂದು ವರ್ಷದಾಗ ಯಾರೂ ನನ್ನ ಹಂಗ ನೋಡಿರಲಿಲ್ಲ. ಅದನ್ನ ಕಳಕೊಳ್ಳಾಕ ಮನಸ ಬರಲಿಲ್ಲ. ತಪ್ಪು ನಂದ."

ಅದನ್ನು ಅವಳು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಉತ್ತರ ಮಾತ್ರ ಬರೆಯಲಿಲ್ಲ. ರಿಂಕ್‌ಗೆ ಹೋಗುವುದನ್ನೂ ಬಿಟ್ಟಳು. ಬೆಳಗಿನ ಆ ಒಂದು ಗಂಟೆಯನ್ನು ಕಾರಿನಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲೇ ಕುಳಿತು ಕಳೆಯತೊಡಗಿದಳು. ಭಾವ ನಕ್ಕಾಗ ಒಂದು ಕ್ಷಣ ತನಗೂ ಅವನ ಬಗ್ಗೆ ನಾಚಿಕೆಯಾಗಿತ್ತೆಂಬುದು ಅವಳನ್ನು ಚುಚ್ಚುತ್ತಿತ್ತು. ಅದನ್ನು ಯಾರಿಗೂ ಹೇಳಲಾರಳು.

ಒಂದು ತಿಂಗಳ ನಂತರ, ಮಾರ್ಚಿನ ಒಂದು ಮಂಗಳವಾರ ಮಧ್ಯಾಹ್ನ, ಆಫೀಸಿನ ಫ್ರಂಟ್ ಡೆಸ್ಕ್‌ನಿಂದ ಕರೆ ಬಂತು. ಕೆಳಗೆ ಯಾರೋ ಕಾಯುತ್ತಿದ್ದಾರೆ.

ಕಲ್ಮೇಶ್ ಕಾರಿಗೆ ಒರಗಿ ನಿಂತಿದ್ದ. ಹಿಂದಿನ ಸೀಟಿನ ತುಂಬ ದೊಡ್ಡ ದೊಡ್ಡ ಬ್ಯಾಗುಗಳು. ಕಣ್ಣಿನ ಕೆಳಗೆ ಕಪ್ಪು.

"ನನಗೆ ಮೀಟಿಂಗ್ ಇದೆ," ಎಂದಳು ನೀರಜಾ. ಹೇಳಬೇಕೆಂದುಕೊಂಡಷ್ಟು ಗಡುಸಾಗಿ ಹೇಳಲಾಗಲಿಲ್ಲ.

"ಎರಡ ನಿಮಿಷ. ಕ್ಷಮಾ ಕೇಳಾಕ ಬಂದಿಲ್ರಿ. ಒಂದು ಸುದ್ದಿ ಹೇಳಾಕ ಬಂದೇನಿ." ಅವನು ಉಸಿರು ತೆಗೆದುಕೊಂಡ. "ನನ್ನ ಟೀಮಿನಿಂದ ತೆಗದ್ರು."

"ಏನು?"

"ಹನ್ನೊಂದೂ ಇಪ್ಪತ್ತಕ್ಕ ಕೋಚ್ ಒಳಗ ಕರದ. ಇಪ್ಪತ್ತೆರಡು ವರ್ಷದಾವ ಒಬ್ಬ ಬರಾಕತ್ತಾನ. ನನ್ನ ರಿಲೀಸ್ ಮಾಡಿದ್ರು."

ನೀರಜಾ ಫೋನ್ ನೋಡಿದಳು. ಹನ್ನೊಂದು ಐವತ್ತೆಂಟು.

"ಅಮ್ಮಂಗೆ ಹೇಳಿದ್ರಾ?"

"ಇಲ್ರಿ. ಅಪ್ಪಗೂ ಇಲ್ಲ, ಏಜೆಂಟಗೂ ಇಲ್ಲ. ಬ್ಯಾಗ್ ತಗೊಂಡು ಸೀದಾ ಇಲ್ಲಿಗೆ ಡ್ರೈವ್ ಮಾಡಿದೆ. ನೀವು ಮಾತಾಡಸ್ತೀರೋ ಇಲ್ಲೋ ಗೊತ್ತಿರಲಿಲ್ಲ. ಆದ್ರೂ ನಿಮಗ ಮೊದಲ ಗೊತ್ತಾಗಬೇಕಿತ್ತು."

ಮೂವತ್ತೆಂಟು ನಿಮಿಷ.

ಚಿರಾಗ್‌ಗೆ ಹೇಳಲು ಎಂಟು ತಿಂಗಳು ಸಾಲಲಿಲ್ಲ. ಇವನು ತನ್ನ ಅತಿ ಕೆಟ್ಟ ಸುದ್ದಿಯನ್ನು ಬಿಸಿಬಿಸಿಯಾಗಿ ಎತ್ತಿಕೊಂಡು, ಮಾತು ಬಿಟ್ಟವಳ ಬಾಗಿಲಿಗೆ ಬಂದಿದ್ದ. ನೀರಜಾ ಅಳು ತಡೆಯಲು ಹೋಗಲಿಲ್ಲ, ತಡೆದು ತಡೆದು ಅವಳಿಗೆ ಸಾಕಾಗಿತ್ತು.

"ಮುಂದೆ ಏನು ಮಾಡ್ತೀರ?"

"ಗೊತ್ತಿಲ್ಲ. ಅಟ್ಲಾಂಟಾ ಹತ್ರ ಒಂದು ಸಣ್ಣ ಟೀಮ್ ಐತಿ, ಕೇಳಬಹುದು. ಅಲ್ಲೂ ಬೆಂಚ್ ಮ್ಯಾಲೆನ. ಸೊಂಟ ಇನ್ನ ತಡಿಯಂಗಿಲ್ಲ ನೀರಜಾ. ಖರೇನ ಹೇಳತೇನಿ, ಐ ಆಮ್ ಟೈರ್ಡ್."

"ಒಟ್ಟು ಎಷ್ಟು ಮ್ಯಾಚ್ ಆಡಿದೀರ?"

"ಹನ್ನೊಂದು ವರ್ಷದಾಗ ಎಪ್ಪತ್ತೊಂದು."

"ಗೆದ್ದಿದ್ದು?"

"ಇಪ್ಪತ್ತೊಂಬತ್ತು."

ಅವಳು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. "ಅವತ್ತು ಎಲ್ಲರೂ ನಕ್ಕಾಗ ನಂಗೂ ನಾಚಿಕೆ ಆಯ್ತು, ಕಲ್ಮೇಶ್. ನಿಮ್ಮ ಬಗ್ಗೆ. ಒಂದೇ ಒಂದು ಕ್ಷಣ. ಅದು ನನ್ನ ತಪ್ಪು."

"ನನಗೂ ನನ್ನ ಬಗ್ಗೆ ನಾಚಿಕಿನ ಇತ್ತು. ಅದಕ್ಕ ಸುಮ್ಮನಿದ್ದೆ."

ಊಟಕ್ಕೆ ಹೊರಟ ಸಹೋದ್ಯೋಗಿಗಳು ಅವರನ್ನು ನೋಡಿ, ನೋಡದವರಂತೆ ಹೋದರು.

"ಹೇಳದೇ ಇರೋದು ಇನ್ನೇನಾದ್ರೂ ಉಳಿದಿದ್ಯಾ?" ಎಂದಳು ನೀರಜಾ.

"ಒಂದು ಐತಿ." ಅವನು ನೆಲ ನೋಡಿದ. "ನಿಮ್ಮನ್ನ ಪ್ರೀತಿ ಮಾಡತೇನಿ. ಇವತ್ತ ಹೇಳಬಾರದು ಅನ್ಕೊಂಡಿದ್ದೆ. ಕೆಲಸ ಇಲ್ದಾವ..."

"ಕೆಲಸ ಹೋಯ್ತು, ಪ್ರೀತಿ ಮಾಡ್ತೀನಿ... ಎರಡನ್ನೂ ಒಂದೇ ಉಸಿರಲ್ಲಿ ಹೇಳಿದವರು ನೀವೇ ಮೊದಲು."

"ತಪ್ಪಾತೇನ್ರಿ?"

ನೀರಜಾ ಸುತ್ತಿ ಹೋಗಿ ಇನ್ನೊಂದು ಕಡೆಯ ಬಾಗಿಲು ತೆರೆದು ಕಾರಿನಲ್ಲಿ ಕುಳಿತಳು. ಅವನು ಸೊಂಟ ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಬಂದು ಕೂರುವವರೆಗೂ ಕಾದಳು. ಆಮೇಲೆ ಅವನ ಒರಟು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅಮ್ಮಂಗೆ ಫೋನ್ ಮಾಡಿ, ಕಲ್ಮೇಶ್."

"ಅಕಿ ಅಳತಾಳ."

"ಅಳಲಿ ಬಿಡಿ. ನಾವಿಬ್ರೂ ಇದೀವಲ್ಲ."