ಹಸಿರು ಪೊಟ್ಟಣ

ತೈಪೆಯ ನಮ್ಮ ಕಚೇರಿ ಲಕ್ಷಾಂತರ ಜನರ ಇಮೇಲ್ ಖಾತೆಗಳನ್ನು ನೋಡಿಕೊಳ್ಳುತ್ತದೆ. ಸರ್ವರ್‌ಗಳು ಕೆಡದಿರಲೆಂದು ಅವುಗಳ ಮೇಲೆ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಡುವುದು ಇಲ್ಲಿನ ವಾಡಿಕೆ. ಅವಧಿ ಮುಗಿಯುವ ಮೊದಲು ಹೊಸದನ್ನು ಇಡಬೇಕು. ಆ ಕೆಲಸ ನನ್ನ ಗಂಡ ಯೂ-ಚೆಂಗ್‌ನದು. ಇಡುವಾಗ ಪ್ರತಿಸಲ ಪೊಟ್ಟಣದ ಎಡ ಮೂಲೆಯನ್ನು ಮಡಚುತ್ತಿದ್ದ. ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡ.

ತೀರಿಕೊಂಡವರ ಖಾತೆಯನ್ನು ಅಳಿಸಬೇಕೆಂಬುದು ನಿಯಮ. ಅಳಿಸಿದರೆ ಅವನ ಪತ್ರಗಳೆಲ್ಲ ಹೋಗುತ್ತವೆ. ಹಾಗಾಗಿ ಯಾರಿಗೂ ಮನಸ್ಸಾಗಿರಲಿಲ್ಲ. ಕೊನೆಗೆ ಹಿರಿಯ ಸಹೋದ್ಯೋಗಿ ಲಿಯಾವ್ ಅಣ್ಣ ಕೇಳಿದರು, "ನಾನೇ ಮಾಡ್ಲೇನಮ್ಮಾ?"

"ಬೇಡ ಅಣ್ಣ, ನಾನೇ ಮಾಡ್ತೀನಿ."

ಮಧ್ಯಾಹ್ನ ಇಬ್ಬರೂ ಸರ್ವರ್ ಕೋಣೆಗೆ ಹೋದೆವು. ಅಲ್ಲಿ ಸದಾ ಕೊರೆಯುವ ಚಳಿ. ಅವನು ಕೂರುತ್ತಿದ್ದ ಕುರ್ಚಿ ಮಾತ್ರ ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದು ಹೋದಂತೆ. ಅಳಿಸಲು ಹೋದರೆ ಪರದೆಯ ಮೇಲೆ ಉತ್ತರ ಬಂತು: ಈ ಖಾತೆ ಈಗ ಬಳಕೆಯಲ್ಲಿದೆ. ಯಾರೂ ತೆರೆಯದಂತೆ ಆ ಖಾತೆಗೆ ಬೀಗ ಹಾಕಿ ತಿಂಗಳುಗಳಾಗಿದ್ದವು. ಮತ್ತೆ ಪ್ರಯತ್ನಿಸಿದೆ. ಅದೇ ಉತ್ತರ.

ಲಿಯಾವ್ ಅಣ್ಣ ನಗಲು ನೋಡಿದರು. "ಬದುಕಿದ್ದಾಗ್ಲೂ ಅಷ್ಟೇ, ಹೊತ್ತಿಗೆ ಸರಿಯಾಗಿ ಮನೆಗೆ ಹೋದೋನಲ್ಲ."

ನಾನು ಪರದೆಯತ್ತ ಬಾಗಿ ಮೆಲ್ಲನೆ ಹೇಳಿದೆ, "ಸಾಕು ಕಣೋ, ಊಟ ಆರಿಹೋಗತ್ತೆ. ಮನೆಗೆ ನಡಿ."

ಆ ಸಾಲು ಮಾಯವಾಯಿತು. ಖಾತೆ ಅಳಿಯಿತು. ನನ್ನ ಕೈಯಡಿ ಕುರ್ಚಿ ನಿಧಾನವಾಗಿ ತಣ್ಣಗಾಯಿತು.

ಸಂಜೆ ಮನೆಗೆ ಬಂದಾಗ ಅನ್ನ ಮಾಡುವ ಕುಕ್ಕರ್ ಮೇಲೆ ಹಸಿರು ಪೊಟ್ಟಣವೊಂದಿತ್ತು. ಈ ತಿಂಗಳು ತಯಾರಾದದ್ದು. ಮನೆಯ ಬೀಗದಕೈ ಇರುವುದು ನನ್ನೊಬ್ಬಳ ಬಳಿ. ಪೊಟ್ಟಣದ ಎಡ ಮೂಲೆ ಮಡಚಿತ್ತು.