ನಾಲ್ಕನೇ ರೂಮಿನ ರಿಪೇರಿ

"ಲಿವಿಯಾ! ಯಾರ್ದು ಮೇಲ್ ಬಂದಿದ್ದು?" ಅಡುಗೆಮನೆಯಿಂದ ಅಪ್ಪ ಕೂಗಿದ. ಅವನ ಎರಡೂ ಕೈ ಹಿಟ್ಟಾಗಿತ್ತು.

"ಯಾರ್ದೂ ಅಲ್ಲಪ್ಪ. ಹಾಸಿಗೆ ಮಾರೋರ ಜಾಹೀರಾತು!"

ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಹೊರಬಿದ್ದದ್ದು ನೋಡಿ ಲಿವಿಯಾಳಿಗೇ ಆಶ್ಚರ್ಯವಾಯಿತು. ಕಂಪ್ಯೂಟರಿನಲ್ಲಿದ್ದದ್ದು ಸಿನ್ಯೋರಾ ವಿದಾಲಿ ಅವರ ಮೇಲ್.

"ನಮಸ್ಕಾರ. ಮೇ ಹನ್ನೆರಡರಿಂದ ಆರು ರಾತ್ರಿ. ನಾಲ್ಕನೇ ನಂಬರ್ ರೂಮು, ಎಂದಿನಂತೆ. ಸಂಜೆ ನಾಲ್ಕರ ಬಸ್ಸಿಗೆ ಬರುತ್ತೇನೆ. ವಿದಾಲಿ, ತ್ರಿಯೆಸ್ತೆ."

ಅಷ್ಟೇ. ಸಿನ್ಯೋರಾ ವಿದಾಲಿ ಮೂವತ್ತೈದು ವರ್ಷ ಹೆಡ್‌ಮಿಸ್ ಆಗಿದ್ದವರು. ಅವರು ಬರೆದರೆ ಕರಿಹಲಗೆಯ ಮೇಲೆ ಬರೆದ ಹಾಗೆ. ಪ್ರತಿ ವರ್ಷ ಮೇ ಹನ್ನೆರಡಕ್ಕೆ ಸಮುದ್ರದ ಊರಾದ ತ್ರಿಯೆಸ್ತೆ ಬಿಟ್ಟು ಈ ಗುಡ್ಡದ ಊರಿಗೆ ಬರುತ್ತಿದ್ದರು. ಲಿವಿಯಾಳ ಮನೆಯವರ 'ಮೂರು ಅಂಬರಗುಬ್ಬಿ' ಹೋಟೆಲಿನ ನಾಲ್ಕನೇ ರೂಮಿನಲ್ಲಿಯೇ ಇಳಿಯುತ್ತಿದ್ದರು. ಉಳಿದ ಆರು ರೂಮುಗಳೂ ಮಹಡಿಯ ಮೇಲೆ. ಅವರ ಮಂಡಿಗೆ ಮೆಟ್ಟಿಲು ಆಗದು.

ಲಿವಿಯಾ ಕೌಂಟರಿನ ಹಿಂದಿನ ಬಾಗಿಲಿನತ್ತ ನೋಡಿದಳು. ಹಿತ್ತಾಳೆಯ 4 ಹೊಳೆಯುತ್ತಿತ್ತು. ಬೀಗ ಹಾಕಿತ್ತು. ಫೆಬ್ರವರಿಯಿಂದ ಹಾಕಿದ ಬೀಗ ಅದು.

ಅಜ್ಜಿಗೂ ಕೊನೆಗೆ ಮೆಟ್ಟಿಲು ಆಗುತ್ತಿರಲಿಲ್ಲ. ಹಾಗಾಗಿ ಕ್ರಿಸ್‌ಮಸ್ ಕಳೆದ ಮೇಲೆ ಅವಳನ್ನು ನಾಲ್ಕನೇ ರೂಮಿಗೆ ತಂದರು. ಅಲ್ಲಿಂದ ಅವಳು ಹೊರಗೆ ಬಂದದ್ದು ಒಂದೇ ಸಲ, ನಾಲ್ಕು ಜನರ ಹೆಗಲ ಮೇಲೆ.

ಆ ದಿನಗಳಲ್ಲಿ ಲಿವಿಯಾ ಆ ರೂಮಿಗೆ ಹೋಗಿದ್ದು ತುಂಬ ಕಡಿಮೆ. ಅಜ್ಜಿಯ ಕೈ ಕಡ್ಡಿಯಂತಾಗಿತ್ತು. ಔಷಧದ ವಾಸನೆ ಬೇರೆ. ಲಿವಿಯಾಳಿಗೆ ಹೆದರಿಕೆ. ಹೊಸ್ತಿಲ ಹೊರಗೇ ನಿಂತು "ಗುಡ್ ನೈಟ್ ಅಜ್ಜಿ" ಅಂದು ಓಡಿಬಿಡುತ್ತಿದ್ದಳು. ಸಂಜೆ ಕೌಂಟರಿನಲ್ಲಿ ಹೋಂವರ್ಕ್ ಮಾಡಲು ಕೂತರೆ ಒಳಗಿನ ಕೆಮ್ಮು ಕೇಳಿಸುತ್ತಿತ್ತು. ಅದು ಕೇಳಿಸದಿರಲಿ ಎಂದು ಗಟ್ಟಿಯಾಗಿ ಮಗ್ಗಿ ಒದರುತ್ತಿದ್ದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತಿತ್ತು.

ಆ ಹಾಸಿಗೆಯ ಮೇಲೆ ಇನ್ನೊಬ್ಬರು ಮಲಗುವುದೇ? ಬೇಡ. ಯಾರೂ ಬೇಡ.

ಅವಳು ಟೈಪ್ ಮಾಡಿದಳು: "ಸಿನ್ಯೋರಾ, ನಾಲ್ಕನೇ ರೂಮಿನ ನೀರಿನ ಪೈಪು ಒಡೆದಿದೆ. ರಿಪೇರಿ ನಡೆಯುತ್ತಿದೆ. ಮೇಲಿನ ರೂಮುಗಳು ಖಾಲಿ ಇವೆ."

ಪೈಪಿನ ಮಾತು ಅವಳ ಸ್ವಂತದ್ದಲ್ಲ. ಈಸ್ಟರ್ ಹಬ್ಬಕ್ಕೆ ಮಿಲಾನೊ ಕಡೆಯ ಗಂಡ ಹೆಂಡತಿ ಬಂದು ಕೆಳಗಿನ ರೂಮು ಕೇಳಿದಾಗ ಅಪ್ಪನೇ ಹಾಗೆ ಹೇಳಿದ್ದ. ಅಪ್ಪ ಹೇಳಬಹುದಾದರೆ ತಾನೂ ಹೇಳಬಹುದು. ಕಣ್ಣು ಮುಚ್ಚಿ ಬಟನ್ ಒತ್ತಿದಳು.

ಮಾರನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಉತ್ತರ ಬಂದಿತ್ತು. ಈ ಸಲ ಉದ್ದವಾಗಿತ್ತು.

"ಹಾಗಾದರೆ ಈ ವರ್ಷ ನನಗೆ ಬರಲಾಗುವುದಿಲ್ಲ. ಮೆಟ್ಟಿಲು ಹತ್ತುವ ಕಾಲ ಮುಗಿಯಿತು. ಎರ್ಸಿಲಿಯಾಗೆ ಒಂದು ಮಾತು ತಿಳಿಸಿ. ಮಾರ್ಚ್ ಮೂರಕ್ಕೆ ನನ್ನ ಹುಟ್ಟಿದ ದಿನ ಅವಳು ಫೋನ್ ಮಾಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವಳಲ್ಲ. ನನಗೆ ಸಿಟ್ಟು ಬಂದಿತ್ತು, ನಾನೂ ಮಾಡಲಿಲ್ಲ. ಈಗ ಸಿಟ್ಟಿಲ್ಲ ಎಂದು ಹೇಳಿ. ಅವಳು ಕೇಳಿದ್ದ ನೀಲಿ ದಾರ ತಂದಿಟ್ಟಿದ್ದೇನೆ. ಅದನ್ನು ಈಗ ಹೇಗೆ ಕಳಿಸಲಿ?"

ಎರ್ಸಿಲಿಯಾ ಅಂದರೆ ಅಜ್ಜಿ.

ಅಜ್ಜಿ ಹೋದದ್ದು ಫೆಬ್ರವರಿ ಹತ್ತೊಂಬತ್ತಕ್ಕೆ. ಸಿನ್ಯೋರಾ ವಿದಾಲಿಗೆ ಅದು ಗೊತ್ತೇ ಇಲ್ಲ! ಅಲ್ಲಿ ಕೂತು ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಂಡು, ಅಲ್ಲೇ ಕೂತು ಸಿಟ್ಟು ಬಿಟ್ಟಿದ್ದಾರೆ.

ಹೇಗೆ ಗೊತ್ತಿಲ್ಲ? ಇಡೀ ಊರಿಗೇ ಗೊತ್ತಲ್ಲ!

ಅವಳು ಬೀದಿಗೆ ಓಡಿದಳು. ನಲ್ಲಿಕಟ್ಟೆಯ ಪಕ್ಕದ ಗೋಡೆಯ ಹತ್ತಿರ ಪ್ರಿಮೊ ಮಾಮ ಏಣಿ ಹಾಕಿಕೊಂಡು ನಿಂತಿದ್ದ. ಊರಲ್ಲಿ ಯಾರು ತೀರಿಕೊಂಡರೂ ಕಪ್ಪು ಅಂಚಿನ ಕಾಗದವನ್ನು ಗೋಡೆಗೋಡೆಗೆ ಅಂಟಿಸುವವನು ಅವನೇ. ಅಜ್ಜಿಯ ಹೆಸರಿನ ಕಾಗದ ಅಲ್ಲೇ ಇತ್ತು. ಮಳೆಗೆ ಮಾಸಿತ್ತು, ಅರ್ಧದಷ್ಟರ ಮೇಲೆ ಸರ್ಕಸ್ಸಿನ ಪೋಸ್ಟರು ಬಿದ್ದಿತ್ತು. ಅಜ್ಜಿಯ ಹೆಸರಿನ ಮೇಲೆ ಆನೆಯ ಕಾಲು.

"ಪ್ರಿಮೊ ಮಾಮ, ಅಜ್ಜೀದು ಎಷ್ಟು ಗೋಡೆಗೆ ಹಚ್ಚಿದ್ರಿ?"

"ಹನ್ನೊಂದು" ಎಂದ ಪ್ರಿಮೊ, ಬ್ರಷ್ಷಿನಿಂದ ಗೋಂದು ತೊಟ್ಟಿಕ್ಕಿಸುತ್ತ. "ಮೇಯರ್ ಸತ್ತಾಗ್ಲೂ ಒಂಬತ್ತೇ ಹಚ್ಚಿದ್ದು. ನಿಮ್ಮಜ್ಜಿ ವಿಷಯ ಈ ಊರಲ್ಲಿ ಬೆಕ್ಕಿಗೂ ಗೊತ್ತು, ಬಿಡು."

"ಊರಾಚೆ ಇರೋರಿಗೆ?"

"ಹಾಂ?"

"ತ್ರಿಯೆಸ್ತೇಲಿ ಇರೋರಿಗೆ ಹೇಗೆ ಗೊತ್ತಾಗುತ್ತೆ?"

ಪ್ರಿಮೊ ಏಣಿಯ ಮೇಲಿಂದ ಅವಳ ಮುಖ ನೋಡಿದ.

"ನನ್ನ ಏಣಿ ಅಷ್ಟು ಉದ್ದ ಇಲ್ಲ ಪುಟ್ಟೀ" ಎಂದ. "ಅದನ್ನ ಮನೆಯೋರೇ ಹೇಳ್ಬೇಕು."

ಲಿವಿಯಾ ಬಂದಷ್ಟೇ ಜೋರಾಗಿ ವಾಪಸ್ಸು ಓಡಿದಳು. ಅಪ್ಪ ಹುರುಳಿಕಾಯಿ ಬಿಡಿಸುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಮೇಲ್, ಜಾಹೀರಾತು, ಪೈಪು, ಹುಟ್ಟಿದ ದಿನ, ನೀಲಿ ದಾರ. ಹೇಳುತ್ತ ಹೇಳುತ್ತ ಅಳು ಬಂತು.

ಅಪ್ಪ ಬೈಯಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ.

"ಅಯ್ಯೋ ದೇವ್ರೇ" ಎಂದ. "ಅವರಿಗೆ ಹೇಳ್ಬೇಕು ಅಂತ ನನಗೆ ಹೊಳೀಲೇ ಇಲ್ವಲ್ಲ. ಗಿರಾಕಿಗಳಿಗೆ ಫೋನ್ ಮಾಡೋದೆಲ್ಲ ನಮ್ಮಮ್ಮನೇ ಮಾಡ್ತಿದ್ಲು. ಅಮ್ಮ ಹೋಗಿದಾಳೆ ಅಂತ ಹೇಳೋಕೂ ಅಮ್ಮನೇ ಬೇಕಾಗಿತ್ತು ನೋಡು."

ಅಷ್ಟು ಹೊತ್ತಿಗೆ ಲಿವಿಯಾಳ ಅಮ್ಮ ಒಗೆಯುವ ಚಾದರಗಳ ಗಂಟು ಹೊತ್ತು ಮೆಟ್ಟಿಲಿಳಿದು ಬಂದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ತಂದೆಗೆ ತಕ್ಕ ಮಗಳು" ಎಂದಳು. "ಇಬ್ಬರೂ ಸೇರಿ ಚೆನ್ನಾಗಿರೋ ಪೈಪು ಒಡೆದ್ರಿ. ಸೌರೊ, ಎರಡು ತಿಂಗಳಾಯ್ತು. ಆ ಬಾಗಿಲು ತೆಗಿ ಅಂತ ಎಷ್ಟು ಸಲ ಹೇಳಿದೀನಿ?"

ಅಪ್ಪ ತಲೆ ತಗ್ಗಿಸಿದ. ಅವನಿಗೂ ಆ ರೂಮೆಂದರೆ ಭಯ ಎಂದು ಲಿವಿಯಾಳಿಗೆ ಆಗಲೇ ಗೊತ್ತಾದದ್ದು. ದೊಡ್ಡವರ ಭಯಕ್ಕೂ ಬೀಗ ಬೇಕಾಗುತ್ತದೆ.

ಫೋನ್ ನಂಬರ್ ಬೇಕಿತ್ತು. ಅಪ್ಪ ಕೌಂಟರಿನ ಕೆಳಗಿನ ಡ್ರಾಯರಿನಿಂದ ಹಸಿರು ರಟ್ಟಿನ ಪುಸ್ತಕ ತೆಗೆದ. ಯಾವ ಗಿರಾಕಿ ಯಾವಾಗ ಬರುತ್ತಾರೆ, ಅವರಿಗೆ ಏನು ಬೇಕು, ಏನು ಆಗದು, ಎಲ್ಲವನ್ನೂ ಅಜ್ಜಿ ಅದರಲ್ಲಿ ಬರೆದಿಡುತ್ತಿದ್ದಳು. ಫೆಬ್ರವರಿಯಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ.

ವಿದಾಲಿ ಅವರ ಪುಟ ಸಿಕ್ಕಿತು. ಅಪ್ಪ ಓದಿದ. "'ನಾಲ್ಕನೇ ರೂಮು. ದಿಂಬು ಎರಡು, ಒಂದು ಗಟ್ಟಿ. ಬೆಳ್ಳುಳ್ಳಿ ಆಗದು ಅನ್ನುತ್ತಾರೆ. ಹೇಳದೆ ಹಾಕಿದರೆ ಎರಡು ಸಲ ಬಡಿಸಿಕೊಳ್ಳುತ್ತಾರೆ.'"

ಅಮ್ಮ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದದ್ದಿತ್ತು. ಅಕ್ಷರ ಸೊಟ್ಟಸೊಟ್ಟ, ಸಾಲು ಇಳಿಜಾರು. ಮಲಗಿಕೊಂಡು ಬರೆದ ಹಾಗೆ. ತಾರೀಕು ಫೆಬ್ರವರಿ ಹತ್ತು.

ಅಪ್ಪನಿಗೆ ಓದಲಾಗಲಿಲ್ಲ. ಪುಸ್ತಕವನ್ನು ಲಿವಿಯಾಳ ಕಡೆ ತಳ್ಳಿದ. ಲಿವಿಯಾ ಓದಿದಳು.

"ಮೇ ಹನ್ನೆರಡರೊಳಗೆ ನಾಲ್ಕನೇ ರೂಮಿಗೆ ಮಾಡಬೇಕಾದದ್ದು. ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ದಪ್ಪ ಪರದೆ ಹೊಲಿಸಬೇಕು. ಮೂವತ್ತೆಂಟು ವರ್ಷ ಜನರನ್ನು ಇಲ್ಲಿ ಮಲಗಿಸಿದ್ದೇನೆ, ನಾನು ಮಲಗುವವರೆಗೂ ಗೊತ್ತಾಗಲಿಲ್ಲ. ಪಾಪ, ವಿದಾಲಿ ಒಂದು ದಿನವೂ ಬಾಯಿ ಬಿಡಲಿಲ್ಲ. ದೀಪದ ಸ್ವಿಚ್ಚು ಕೈಗೆ ಎಟುಕದು, ಹತ್ತಿರಕ್ಕೆ ತರಬೇಕು. ಕಿಟಕಿಯ ಹಿಡಿ ಸಡಿಲ. ನನ್ನ ಬಟ್ಟೆಬರೆ, ಔಷಧ ಎಲ್ಲ ತೆಗೆದಿಡಬೇಕು. ರೇಡಿಯೊ ತೆಗೆದುಬಿಡಿ, ಬೇಡ."

ಅಂಚಿನಲ್ಲಿ, ಬೇರೆಯಾಗಿ, ಒಂದು ಲೆಕ್ಕ: 7 × 8 = 56.

"ಇದೇನು?" ಎಂದಳು ಲಿವಿಯಾ.

"ಟವೆಲ್ ಲೆಕ್ಕ ಇರ್ಬೇಕು" ಎಂದ ಅಪ್ಪ, ಮೂಗು ಒರೆಸಿಕೊಳ್ಳುತ್ತ. "ರೇಡಿಯೊ ಯಾಕೆ ಬೇಡ ಅಂದ್ಲೋ? ಬೇಜಾರಾಗದೆ ಇರ್ಲಿ ಅಂತ ನಾನೇ ತಂದಿಟ್ಟಿದ್ದೆ. ಯಾವಾಗ ನೋಡಿದ್ರೂ ಆಫ್ ಮಾಡಿಟ್ಟಿರೋಳು."

ಫೋನನ್ನು ಅಪ್ಪ ಕೈಗೆತ್ತಿಕೊಂಡ. ಲಿವಿಯಾ ತಡೆದಳು.

"ನಾನು ಮಾಡ್ತೀನಿ. ಸುಳ್ಳು ಬರೆದಿದ್ದು ನಾನು."

ಆ ಕಡೆ ಫೋನು ಐದು ಸಲ ರಿಂಗಾಯಿತು.

"ವಿದಾಲಿ. ಯಾರು ಮಾತಾಡ್ತಿರೋದು?"

"ನಾನು... ಲಿವಿಯಾ. ಮೂರು ಅಂಬರಗುಬ್ಬಿಯಿಂದ."

"ಓ, ಲಿವಿಯಾ! ಏನಮ್ಮ, ಪೈಪು ರಿಪೇರಿ ಆಯ್ತಾ?"

"ಸಿನ್ಯೋರಾ, ಪೈಪು ಒಡೆದಿರ್ಲಿಲ್ಲ. ಅದು ಸುಳ್ಳು. ಅಜ್ಜಿ ನಿಮ್ಮ ಹುಟ್ಟಿದ ದಿನ ಮರೀಲಿಲ್ಲ. ಅಜ್ಜಿ... ಫೆಬ್ರವರಿ ಹತ್ತೊಂಬತ್ತಕ್ಕೇ ತೀರಿಕೊಂಡ್ಲು. ನಿಮಗೆ ಹೇಳ್ಬೇಕು ಅಂತ ನಮಗೆ ಯಾರಿಗೂ ಹೊಳೀಲಿಲ್ಲ. ತಪ್ಪಾಯ್ತು."

ಫೋನಿನ ಆ ಕಡೆ ಸಮುದ್ರದ ಹಕ್ಕಿಯೊಂದು ಕಿರುಚಿತು.

"ಯಾವ ರೂಮಲ್ಲಿ?" ಎಂದರು ಸಿನ್ಯೋರಾ ವಿದಾಲಿ.

"ನಾಲ್ಕನೇದ್ರಲ್ಲಿ."

"ಓಹೋ. ಅದಕ್ಕೇ ಪೈಪು ಒಡೀತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಮ್ಮ, ಎರ್ಸಿಲಿಯಾ ಇಲ್ದೆ ನಾನು ಅಲ್ಲಿಗೆ ಬಂದು ಏನು ಮಾಡ್ಲಿ? ಸಂಜೆ ಯಾರ ಜೊತೆ ಕೂತ್ಕೊಳ್ಲಿ?"

ಹಸಿರು ಪುಸ್ತಕ ಮುಂದೆ ತೆರೆದೇ ಇತ್ತು. ಲಿವಿಯಾ ಅದನ್ನು ಓದತೊಡಗಿದಳು. ಬೆಳ್ಳುಳ್ಳಿಯಿಂದ ಹಿಡಿದು ಕಿಟಕಿಯ ಹಿಡಿಯವರೆಗೆ, ಒಂದನ್ನೂ ಬಿಡದೆ.

"ಬೆಳ್ಳುಳ್ಳಿ ಹಾಕ್ತಿದ್ಲಾ?" ಎಂದರು ಸಿನ್ಯೋರಾ ವಿದಾಲಿ. "ಇಪ್ಪತ್ತಾರು ವರ್ಷ? ಕಳ್ಳಿ!" ಆಮೇಲೆ ಅವರು ಅತ್ತದ್ದು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸಿತು. ಲಿವಿಯಾ ಫೋನ್ ಇಡಲಿಲ್ಲ. ಈ ಸಲ ಅವಳು ಓಡಲಿಲ್ಲ.

"ಬಿಸಿಲು ಕಣ್ಣಿಗೆ ಹೊಡೀತಿತ್ತು ನಿಜ" ಎಂದರು ಅವರು, ಸುಧಾರಿಸಿಕೊಂಡು. "ಪರದೆ ಯಾರು ಹೊಲೀತಾರೆ?"

"ಅಮ್ಮ."

"ಹನ್ನೆರಡಕ್ಕೆ ಬರ್ತೀನಿ. ನಾಲ್ಕರ ಬಸ್ಸಿಗೆ."

ಮುಂದಿನ ಎರಡು ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಬೀಗ ತೆಗೆದದ್ದು ಅಪ್ಪ. ಅಜ್ಜಿಯ ಬಟ್ಟೆ ಮಡಿಸಿದ್ದು ಅಮ್ಮ. ಪ್ರಿಮೊ ಬಂದು ಕಿಟಕಿಗೆ ಹೊಸ ಹಿಡಿ ಹಾಕಿದ, ಸ್ವಿಚ್ಚನ್ನು ಹತ್ತಿರಕ್ಕೆ ತಂದ. ಲಿವಿಯಾ ಮಾತ್ರ ಹೊಸ್ತಿಲಲ್ಲೇ ನಿಂತು ಸುತ್ತಿಗೆ, ಮೊಳೆ ಎತ್ತಿಕೊಟ್ಟಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ.

ಹನ್ನೆರಡನೇ ತಾರೀಕು ಬೆಳಿಗ್ಗೆ ಅಪ್ಪ ಕೌಂಟರಿನಿಂದ ಹೇಳಿದ, "ಪರದೆ ಏನೋ ಹಾಕಿದ್ವಿ. ಬಿಸಿಲು ನಿಂತಿದೆಯೋ ಇಲ್ವೋ ಮಲಗಿ ನೋಡಿದ್ರೇ ಗೊತ್ತಾಗೋದು. ಈಗ್ಲೇ ನೋಡ್ಬೇಕು, ಸೂರ್ಯ ಮೇಲೆ ಹೋಗ್ಬಿಡ್ತಾನೆ."

ಅಪ್ಪ ಎದ್ದು ಬರಲಿಲ್ಲ. ಲಿವಿಯಾ ಸ್ಕೂಲ್ ಬ್ಯಾಗನ್ನು ಕೆಳಗಿಟ್ಟಳು. ಹೊಸ್ತಿಲು ದಾಟಿದಳು.

ಔಷಧದ ವಾಸನೆ ಇರಲಿಲ್ಲ. ಸೋಪಿನ ವಾಸನೆ ಇತ್ತು. ಶೂ ಬಿಚ್ಚಿ ಹಾಸಿಗೆಯ ಮೇಲೆ ಮೆಲ್ಲಗೆ ಮಲಗಿದಳು. ದಿಂಬು ಎರಡು, ಒಂದು ಗಟ್ಟಿ. ಬಿಸಿಲು ಪರದೆಯ ಹಿಂದೆಯೇ ನಿಂತಿತ್ತು. ಕಣ್ಣಿಗೆ ಹಿತವಾಗಿತ್ತು.

ಆಗ ಕಿವಿಯ ಪಕ್ಕದಲ್ಲೇ ಯಾರೋ ಕೆಮ್ಮಿದರು.

ಲಿವಿಯಾ ಬೆಚ್ಚಿ ತಿರುಗಿದಳು. ಯಾರೂ ಇಲ್ಲ. ಕೆಮ್ಮಿದ್ದು ಅಪ್ಪ, ಗೋಡೆಯ ಆಚೆ. ಗೋಡೆ ಎಂದರೆ ಗೋಡೆಯಲ್ಲ, ತಾತ ಯಾವಾಗಲೋ ಹೊಡೆಸಿದ ಹಲಗೆ. ಅದರ ಆ ಬದಿಗೇ ಕೌಂಟರು. ಬೀಗದ ಕೈ ಗೂಟಕ್ಕೆ ತಗುಲಿದ್ದು ಕೇಳಿಸಿತು. ಅಪ್ಪ ಪುಟ ತಿರುಗಿಸಿದ್ದು ಕೇಳಿಸಿತು. ಪೆನ್ನು ಕಾಗದದ ಮೇಲೆ ಸರಸರ ಹರಿದದ್ದೂ ಕೇಳಿಸಿತು.

ಅಲ್ಲೇ ಅವಳು ಕೂರುತ್ತಿದ್ದದ್ದು. ಜನವರಿ ಪೂರ್ತಿ, ಫೆಬ್ರವರಿ ಹತ್ತೊಂಬತ್ತರವರೆಗೆ, ದಿನವೂ ಸಂಜೆ. ಗಟ್ಟಿಯಾಗಿ ಮಗ್ಗಿ ಹೇಳುತ್ತ. ಏಳೇಳ್ಲ ನಲವತ್ತೊಂಬತ್ತರವರೆಗೆ ಸರಾಗ. ಆಮೇಲೆ ಪ್ರತಿ ಸಲವೂ ಅಲ್ಲೇ ತಡವರಿಕೆ. ಏಳೆಂಟ್ಲ... ಏಳೆಂಟ್ಲ... ಐವತ್ತನಾಲ್ಕು? ಮತ್ತೆ ಮೊದಲಿನಿಂದ.

ಹಸಿರು ಪುಸ್ತಕದ ಅಂಚಿನಲ್ಲಿದ್ದ ಆ ಲೆಕ್ಕ ಟವೆಲ್ಲಿನದಲ್ಲ.

ಲಿವಿಯಾ ಹಲಗೆಯ ಕಡೆ ತಿರುಗಿ ಹೇಳಿದಳು. ಗಟ್ಟಿಯಾಗಿಯಲ್ಲ, ಸಾಧಾರಣ ದನಿಯಲ್ಲಿ. "ಏಳೆಂಟ್ಲ ಐವತ್ತಾರು."

"ಏನು?" ಎಂದ ಅಪ್ಪ ಆಚೆಯಿಂದ.

"ಕೇಳಿಸ್ತಾ ಅಪ್ಪ?"

"ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸ್ತು. ಯಾಕೆ? ಬಿಸಿಲು ಬೀಳ್ತಿದೆಯಾ?"

"ಇಲ್ಲ. ಎಲ್ಲ ಸರಿಯಾಗಿದೆ."

ಲಿವಿಯಾ ಎದ್ದು ಚಾದರದ ಸುಕ್ಕು ಸರಿ ಮಾಡಿದಳು. ಗೂಡಿನಲ್ಲಿ ಎಲ್ಲರೂ ಮರೆತಿದ್ದ, ಅಜ್ಜಿ ಯಾವಾಗಲೂ ಆಫ್ ಮಾಡಿಡುತ್ತಿದ್ದ ರೇಡಿಯೊದ ವೈರ್ ಕಿತ್ತು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಬಾಗಿಲು ಹಾಕಲಿಲ್ಲ.