ಲಡ್ಡುವಿನ ಊಟದ ಹೊತ್ತು

"ಅಜ್ಜಿ, ಹಾಲು ಇಡಬ್ಯಾಡ! ಹಾವು ಹಾಲು ಕುಡಿಯಂಗಿಲ್ಲ!"

ನೀಲಾ ಓಡಿ ಬರುವಷ್ಟರಲ್ಲಿ ಬಸಲಿಂಗಮ್ಮಜ್ಜಿ ಗಾಜಿನ ಪೆಟ್ಟಿಗೆಯ ಮುಂದೆ ಹಾಲಿನ ಬಟ್ಟಲಿಟ್ಟು, ಗಾಜಿಗೆ ಕುಂಕುಮವನ್ನೂ ಹಚ್ಚಿ ಆಗಿತ್ತು. ಒಳಗೆ ಲಡ್ಡು ಮೂತಿಯನ್ನು ಗಾಜಿಗೆ ಒತ್ತುತ್ತ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಹರಿದಾಡುತ್ತಿತ್ತು.

ಲಡ್ಡು ಒಂದು ಬಾಲ್ ಪೈಥಾನ್. ವಿಷವಿಲ್ಲದ ಪುಟ್ಟ ಹೆಬ್ಬಾವು. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಅದಕ್ಕೇ ನೀಲಾ ಆ ಹೆಸರಿಟ್ಟಿದ್ದಳು. ಹಿಮಾಯತ್‌ನಗರದ ಸೋಮಣ್ಣ ಮಾಮಾ ತನ್ನ ಫ್ರೆಂಡ್‌ ಹತ್ತಿರ ಕೇಳಿ, ಅದನ್ನು ಕುಷಾಯಿಗೂಡದ ಇವರ ಮನೆಗೆ ತಂದುಕೊಟ್ಟು ಮೂರು ವಾರವಾಗಿತ್ತು. ಮೂರು ವಾರದಿಂದ ಅದು ಏನೂ ತಿಂದಿರಲಿಲ್ಲ.

"ಶ್ರಾವಣ ಅಲ್ಲೇನ? ಶಿವನ ಕೊರಳಾಗಿನವ. ಉಪಾಸ ಹಿಡದಾನ," ಎಂದಳು ಅಜ್ಜಿ.

ಈ ಮಾತು ಕಾಲನಿಯೆಲ್ಲ ಹಬ್ಬಿತ್ತು. ಎದುರುಮನೆಯ ಗಿರಿಜಾಬಾಯಿ ಹತ್ತಿಯ ಹಾರ ತಂದರು. ಪಕ್ಕದ ಮನೆಯ ನರಸಿಂಹ ದಿನಾ ಬಂದು ಗಾಜು ಬಡಿದು, "ಏಯ್ ಲಡ್ಡು, ಇಧರ್ ದೇಖ್! ಇಲ್ಲಿ ನೋಡಲೇ!" ಎನ್ನುತ್ತಿದ್ದ. ನೀಲಾ ಅವನನ್ನು ಬೈದು ಓಡಿಸುತ್ತಿದ್ದಳು. ಆಮೇಲೆ ತಾನೇ ಗಾಜಿಗೆ ಮೂಗು ಒತ್ತಿ, "ತಿನ್ನಪಾ, ಒಂದ ತುತ್ತು," ಎಂದು ಬೇಡಿಕೊಳ್ಳುತ್ತಿದ್ದಳು. ಅದನ್ನು ಎತ್ತಿ, ಮೈ ಸವರಿ, ಮತ್ತೆ ಬೇಡಿಕೊಳ್ಳುತ್ತಿದ್ದಳು.

ಭಾನುವಾರ ಮಾಮಾ ಸತ್ತ ಇಲಿಯೊಂದನ್ನು ಡಬ್ಬಿಯಲ್ಲಿ ತಂದ.

"ಇದು ಕೊನೀ ಸಲ ನೀಲಾ. ಇವತ್ತೂ ತಿನ್ನಲಿಲ್ಲಂದ್ರ ನನ್ನ ಫ್ರೆಂಡ್ ಕಡೆ ವಾಪಸ್. ಹಿಂಗ ಉಪವಾಸ ಕೆಡವಾಕ ಆಗಂಗಿಲ್ಲ."

ನೀಲಾ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ಇಲಿ ತಣ್ಣಗ ಐತಿ. ಸ್ವಲ್ಪ ಬಿಸಿನೀರು ಕೊಡ್ರಿ ಅತ್ತಿ," ಎಂದ ಮಾಮಾ.

"ನನ್ನ ಒಲಿ ಮ್ಯಾಲಲ್ಲ!" ಅಜ್ಜಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಶ್ರಾವಣದಾಗ ಇಲಿಗೆ ನೀರು ಕಾಸ್ಲೇನ್ರಿ ಸೋಮಣ್ಣಾರ?"

ಮಾಮಾ ಬಚ್ಚಲಿನ ಗೀಸರ್ ನೀರನ್ನು ಹಳೆಯ ಮಗ್ಗಿಗೆ ಹಿಡಿದು, ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರಲ್ಲಿ ಮುಳುಗಿಸಿದ. ಕೈ ತೊಳೆದು ಬಂದವನನ್ನು ಅಜ್ಜಿ ಪಂಚಮಿಯ ಉಂಡಿಗಳ ಮುಂದೆ ಕೂರಿಸಿದಳು.

"ಇನ್ನೊಂದು ಎಳ್ಳುಂಡಿ."

"ಸಾಕ್ರಿ ಅತ್ತಿ, ನಾಕು ತಿಂದೆ."

"ನಮ್ಮ ಮನೀ ಉಂಡಿ ಸೇರಂಗಿಲ್ಲೇನು?"

"ತಗೋರಿ, ತಗೋರಿ," ಎಂದ ಅಪ್ಪ. "ಎಷ್ಟ ಸೊರಗೀಯೋ ತಮ್ಮಾ," ಎಂದಳು ಅವ್ವ. ಬಾಗಿಲಲ್ಲಿ ನರಸಿಂಹ ಬಾಯಿ ತೆರೆದು ನಿಂತಿದ್ದ. ಎಲ್ಲರ ಕಣ್ಣೂ ಮಾಮಾನ ಬಾಯಿಯ ಮೇಲೆಯೇ.

ಉಂಡಿ ಮಾಮಾನ ಕೆನ್ನೆಯಲ್ಲೇ ನಿಂತುಬಿಟ್ಟಿತು. ನುಂಗಲೂ ಆಗದು, ಉಗುಳಲೂ ಆಗದು. ಅವನ ಕಣ್ಣು ಬಾಗಿಲ ಕಡೆ, ಕಿಟಕಿ ಕಡೆ ಹರಿದಾಡಿತು.

ನೀಲಾ ಮಾಮಾನನ್ನು ನೋಡಿದಳು. ಲಡ್ಡುವನ್ನು ನೋಡಿದಳು. ಮತ್ತೆ ಮಾಮಾನನ್ನು ನೋಡಿದಳು.

"ಎಲ್ಲಾರೂ ಹೊರಗ ನಡೀರಿ!" ಎಂದು ಕೂಗಿದಳು.

ಹಿತ್ತಲಿನಿಂದ ಬಾಯಿ ಒಡೆದ ಪುಟ್ಟ ಗಡಿಗೆ ತಂದು ತೊಳೆದು, ಪೆಟ್ಟಿಗೆಯೊಳಗೆ ಬೋರಲು ಇಟ್ಟಳು. ಲಡ್ಡು ಒಡಕಿನಲ್ಲಿ ನುಸುಳಿ ಒಳಗೆಲ್ಲ ತುಂಬಿಕೊಂಡಿತು. ಮಾಮಾ ಬೆಚ್ಚಗಾದ ಇಲಿಯನ್ನು ಚಿಮಟದಿಂದ ಹಿಡಿದು ಅದರೆದುರು ಇಟ್ಟ. ನೀಲಾ ಪೆಟ್ಟಿಗೆಯ ಮೇಲೆ ಹಳೆಯ ಕೌದಿ ಹೊದಿಸಿದಳು.

"ಉಣ್ಣೋರ ಮುಂದ ಒಬ್ಬರರ ಕೂಡಬೇಕಲ್ಲ ಕೂಸ?" ಎಂದಳು ಅಜ್ಜಿ.

"ಬ್ಯಾಡಜ್ಜಿ."

"ನೀನೂ ಕೂಡಂಗಿಲ್ಲೇನು?"

ನೀಲಾ ಕೌದಿಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದಳು.

"ನಾನೂ ಇಲ್ಲ."

ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂತರು. ಒಂದು ತಾಸಿನ ಮೇಲೆ ಒಳಗೆ 'ದಬ್' ಎಂದಿತು. ನೀಲಾ ಎದ್ದೇಬಿಟ್ಟಳು. ಕೈ ಚಿಲಕದ ಮೇಲಿತ್ತು. ಒಂದೇ ಸಲ, ಸಂದಿಯಿಂದ... ಕೈಯನ್ನು ಹಿಂದಕ್ಕೆ ಎಳೆದುಕೊಂಡು, ತೊಡೆಯ ಕೆಳಗೆ ಒತ್ತಿಟ್ಟು ಕೂತಳು.

ಸಂಜೆ ಮಾಮಾ ಮೆಲ್ಲಗೆ ಹೋಗಿ ಕೌದಿಯ ತುದಿ ಎತ್ತಿದ. ಇಲಿ ಇರಲಿಲ್ಲ. ಗಡಿಗೆಯ ಒಡಕಿನಲ್ಲಿ ಲಡ್ಡುವಿನ ಬಾಲದ ತುದಿ ಮಾತ್ರ ಕಾಣುತ್ತಿತ್ತು.

"ಗಡಿಗಿ ಎತ್ತಲೇ ನೀಲಾ! ಹೊಟ್ಟಿ ಎಷ್ಟ ಉಬ್ಬೇತಿ ನೋಡೂಣು!" ನರಸಿಂಹ ಕುಣಿದ.

ನೀಲಾಳಿಗೂ ನೋಡುವ ಆಸೆ. ಮೂರು ವಾರ ಕಾದದ್ದು ಇದಕ್ಕೇ ಅಲ್ಲವೇ? ಆದರೂ ಅವಳು ಕೌದಿಯನ್ನು ಇಳಿಬಿಟ್ಟಳು.

"ಈಗ ಬ್ಯಾಡ," ಎಂದು ಪಿಸುಗುಟ್ಟಿದಳು. "ಅಂವ ಈಗಷ್ಟ ನಮ್ಮ ಮನ್ಯಾಗ ಉಂಡಾನ."

ತುದಿಗಾಲಲ್ಲಿ ಹೊರಗೆ ಬಂದು, ಸಪ್ಪಳವಾಗದಂತೆ ಬಾಗಿಲು ಮುಂದೆ ಮಾಡಿಕೊಂಡಳು.